ಎಕ್ಸ್‌ರೇ ಸರಿ ಇತ್ತು, ಕಾಲು ಸರಿ ಇರಲಿಲ್ಲ

ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿತು. ಎಡಪಾದ ಒಳಕ್ಕೆ ಹೊರಳಿ ಉಳುಕಿತು. ಸ್ವಲ್ಪ ಹೊತ್ತಿನಲ್ಲೇ ಪಾದದ ಹೊರಬದಿಯ ಗಂಟಿನ ಮುಂದೆ ದಪ್ಪಗೆ ಊದಿಕೊಂಡಿತು. ಚೆನ್ನಾಗಿ ಉಜ್ಜಿದರೆ ಹೋಗುತ್ತೆ ಅಂದವರಿಗೆ ಕೈಮುಗಿದೆ.

ಆಸ್ಪತ್ರೆಗೆ ಹೋಗಬೇಕಾ ಅನ್ನೋದಕ್ಕೆ ಒಂದು ಅಳತೆ ಗೊತ್ತಿತ್ತು. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ್ದು. ಬಿದ್ದ ತಕ್ಷಣವೂ ಆಮೇಲೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಬೇಕು. ಗಂಟಿನ ಮೂಳೆಯ ತುದಿಯನ್ನೋ, ಹಿಂಬದಿಯ ಅಂಚಿನ ಕೆಳಗಿನ 6 ಸೆಂ.ಮೀ. ಭಾಗವನ್ನೋ ಒತ್ತಿದರೆ ನೋವಾದರೂ ಬೇಕು. ಪಾದದ ಹೊರಬದಿಯ ನಡುವೆ ಉಬ್ಬಿದ ಮೂಳೆಗೂ, ಒಳಬದಿಯ ಕಮಾನಿನ ಮೇಲಿನ ಮೂಳೆಗೂ ಇದೇ ಲೆಕ್ಕ. ನಾನು ಕುಂಟುತ್ತಾ ನಡೆದೆ, ಆದರೆ ಮೂಳೆಯ ತುದಿ ಒತ್ತಿದಾಗ ಜೀವ ಹೋದ ಹಾಗಾಯಿತು. ಹೋದೆ.

ಎಕ್ಸ್‌ರೇಯಲ್ಲಿ ಏನೂ ಇಲ್ಲ, ರೆಸ್ಟ್ ಮಾಡಿ ಅಂದರು. ನಾನೂ ಖುಷಿಯಾಗಿ ಸುಮ್ನಿದ್ದೆ. ತಪ್ಪಾಗಿದ್ದು ಇಲ್ಲೇ. ಎಕ್ಸ್‌ರೇ ತೋರಿಸುವುದು ಮೂಳೆಯನ್ನು, ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿ ಅಂದರೆ ಲಿಗಮೆಂಟ್ ಹರಿದಿದ್ದನ್ನಲ್ಲ. ಮೂರು ವಾರಕ್ಕೆ ಸಮತಟ್ಟಾದ ನೆಲದ ಮೇಲೇ ಅದೇ ಕಾಲು ಮತ್ತೆ ಹೊರಳಿತು.

ಮೊದಲು ಹೋದ ಫಿಸಿಯೋಥೆರಪಿಸ್ಟ್ ಮೂರು ಭೇಟಿಯಲ್ಲೂ ಮೆಷಿನ್ ಹಚ್ಚಿ, ಶಾಖ ಕೊಟ್ಟು ಕಳಿಸಿದರು. ಕಾಲನ್ನು ಕೈಯಲ್ಲಿ ಹಿಡಿದು ನೋಡಲೇ ಇಲ್ಲ. ಬಿಟ್ಟೆ.

ಎರಡನೆಯವರು ಮೊದಲು ಮುಟ್ಟಿದ್ದು ನನ್ನ ಒಳ್ಳೆಯ ಕಾಲನ್ನು! ಹೋಲಿಸಬೇಕಲ್ವಾ? ಹಿಮ್ಮಡಿ ಹಿಡಿದು ಮುಂದಕ್ಕೆಳೆದು ಕೀಲು ಎಷ್ಟು ಸಡಿಲವಾಗಿದೆ ನೋಡಿದರು. ಮೊಣಕಾಲಿನ ಕೆಳಗೆ ಎರಡೂ ಮೂಳೆಗಳನ್ನು ಸೇರಿಸಿ ಹಿಂಡಿದರು. ಅದರಿಂದ ಪಾದದ ಗಂಟಿನ ಮೇಲೆ ನೋವು ಬಂದರೆ ಪೆಟ್ಟು ಬೇರೆ ಜಾಗದ್ದಿರಬಹುದು, ವಾಸಿಯಾಗಲು ಜಾಸ್ತಿ ದಿನ ಬೇಕು ಅಂದರು. ನನಗೆ ಬರಲಿಲ್ಲ, ಪುಣ್ಯ. ಆಮೇಲೆ, "ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಿ" ಅಂದರು. ಬಲಗಾಲಲ್ಲಿ 30 ಸೆಕೆಂಡ್ ನಿಂತೆ. ಎಡಗಾಲಲ್ಲಿ ಐದಕ್ಕೇ ಗೋಡೆ ಹಿಡಿದೆ. ನೋವು ಹೋಗಿದ್ದರೂ ಕಾಲು ಯಾಕೆ ಹೊರಳುತ್ತಿತ್ತು ಅಂತ ಆಗ ಅರ್ಥವಾಯಿತು: ಅದರ ಸಮತೋಲನವೇ ತಪ್ಪಿತ್ತು.

ಕೊಟ್ಟ ವ್ಯಾಯಾಮಗಳು ಬಹಳ ಸಪ್ಪೆ. ಒಂಟಿಕಾಲಲ್ಲಿ ನಿಲ್ಲುವುದು, ರಬ್ಬರ್ ಪಟ್ಟಿಗೆ ಪಾದ ಸಿಕ್ಕಿಸಿ ಹೊರಕ್ಕೆ ತಳ್ಳುವುದು, ಹಿಮ್ಮಡಿ ಎತ್ತಿ ಇಳಿಸುವುದು. ಎರಡನೇ ವಾರ ಬೇಜಾರಾಗಿ ನಾಲ್ಕು ದಿನ ತಪ್ಪಿಸಿದೆ. ಆಮೇಲೆ ಹಲ್ಲುಜ್ಜುವಾಗ ಎಡಗಾಲಲ್ಲೇ ನಿಲ್ಲುವ ಅಭ್ಯಾಸ ಮಾಡಿಕೊಂಡೆ. ಮೊನ್ನೆ ಕಣ್ಣು ಮುಚ್ಚಿ ಎಣಿಸಿದೆ: 22 ಸೆಕೆಂಡ್.