ಹಳೆಯ ಕರ್ನಲ್‌ಗೆ ಹೊಸ ಮೆಮೊರಿ ತಿದ್ದುಪಡಿ: ಬ್ಯಾಕ್‌ಪೋರ್ಟ್ ಮಾಡುವ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತವರಿಗೆ ಲಿನಕ್ಸ್ ಅಪರಿಚಿತವಲ್ಲ. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆ ಒದಗಿಸುವುದು ಉಬುಂಟು ಆಧಾರಿತ ವ್ಯವಸ್ಥೆಯನ್ನೇ. ಹಾಗೆ ಕಲಿತು, ಎಂಜಿನಿಯರಿಂಗ್ ಮುಗಿಸಿ, ಈಗ ಬದಿಯಡ್ಕದ ಮನೆಯಲ್ಲೇ ಕುಳಿತು ಕೆಲಸ ಮಾಡುವ ಇಬ್ಬರು ಕಿರಿಯರು ಕಳೆದ ಮಳೆಗಾಲದಲ್ಲಿ ನನ್ನಲ್ಲಿ ಒಂದು ಪ್ರಶ್ನೆ ಕೇಳಿದರು. ಮೆಮೊರಿ ನಿರ್ವಹಣೆಯ ಒಂದು ದೋಷ ಲಿನಕ್ಸಿನ ತಿರುಳಾದ ಕರ್ನಲ್‌ನ ಹೊಸ ಆವೃತ್ತಿಯಲ್ಲಿ ಸರಿಯಾಗಿದೆ, ತಾವು ಬಳಸುವ 6.1ರಲ್ಲಿ ಇನ್ನೂ ಇದೆ, ಆ ತಿದ್ದುಪಡಿಯನ್ನು, ಅಂದರೆ ಪ್ಯಾಚನ್ನು, ಹಳೆಯದಕ್ಕೆ ತಂದು ಹಾಕಿದಾಗ (ಇದಕ್ಕೇ ಬ್ಯಾಕ್‌ಪೋರ್ಟ್ ಎನ್ನುವುದು) ಒಂದು ಸಂಘರ್ಷವೂ ಬರಲಿಲ್ಲ, ಇನ್ನು ಬಳಸಬಹುದಲ್ಲವೇ ಎಂಬುದು ಅವರ ಪ್ರಶ್ನೆ. ಬೇರೆ ವಿಭಾಗದ ಪ್ಯಾಚಾಗಿದ್ದರೆ ಬಹುಶಃ ಹೌದೆನ್ನುತ್ತಿದ್ದೆ. ಮೆಮೊರಿ ನಿರ್ವಹಣೆಯಲ್ಲಿ ಮಾತ್ರ ಹಾಗೆನ್ನಲಾರೆ. ಸಂಘರ್ಷ ಬಂದರೆ, ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ತಾನಾಗಿ ಎಚ್ಚರಿಸುತ್ತದೆ. ಬಾರದಿದ್ದಾಗ ಎಚ್ಚರಿಸುವವರು ಯಾರೂ ಇರುವುದಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಆ ದೋಷ ನಿಮ್ಮ ಶಾಖೆಯಲ್ಲಿ, ಅಂದರೆ ನೀವು ಬಳಸುವ ಆವೃತ್ತಿಯ ಸರಣಿಯಲ್ಲಿ, ನಿಜವಾಗಿ ಇದೆಯೇ ಎಂಬುದು. ಪ್ಯಾಚಿನ ವಿವರಣೆಯ ಕೊನೆಯಲ್ಲಿ ‘ಫಿಕ್ಸಸ್’ ಎಂಬ ಸಾಲಿದ್ದರೆ ಅಲ್ಲಿ ದೋಷವನ್ನು ತಂದ ಕಮಿಟ್ಟಿನ (ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆಯ) ಗುರುತಿನ ಮೊದಲ 12 ಅಕ್ಷರಗಳೂ ಅದರ ಶೀರ್ಷಿಕೆಯೂ ಇರುತ್ತವೆ. ಆ ಕಮಿಟ್ ನಿಮ್ಮ ಶಾಖೆಯ ಇತಿಹಾಸದಲ್ಲಿ ಇಲ್ಲದಿದ್ದರೆ ಪ್ಯಾಚಿನ ಅಗತ್ಯ ಸಾಮಾನ್ಯವಾಗಿ ಇಲ್ಲ. ಆದರೆ ದೋಷವನ್ನು ತಂದ ಕಮಿಟ್ಟೇ ಬ್ಯಾಕ್‌ಪೋರ್ಟ್ ಆಗಿ ಬೇರೆ ಗುರುತಿನಲ್ಲಿ ಹಳೆಯ ಶಾಖೆಗೆ ಬಂದಿರಲೂಬಹುದಾದ್ದರಿಂದ ಗುರುತನ್ನು ಮಾತ್ರವಲ್ಲ, ಶೀರ್ಷಿಕೆಯನ್ನೂ ಹುಡುಕಬೇಕು. 2023ರ ಜುಲೈಯಲ್ಲಿ ಬಹಿರಂಗವಾದ ‘ಸ್ಟ್ಯಾಕ್‌ರಾಟ್’ ಎಂಬ ಭದ್ರತಾ ದೋಷವನ್ನು ಉದಾಹರಣೆಯಾಗಿ ನೋಡಬಹುದು. ಪ್ರಕ್ರಿಯೆಯ ಮೆಮೊರಿ ವಲಯಗಳನ್ನು, ಅಂದರೆ ವಿಎಂಎಗಳನ್ನು, ಜೋಡಿಸಿಡುವ ಕೆಲಸವನ್ನು 6.1ರಲ್ಲಿ ಕೆಂಪು-ಕಪ್ಪು ಮರ ಎಂಬ ದತ್ತಾಂಶ ರಚನೆಯಿಂದ ಮೇಪಲ್ ಟ್ರೀ ಎಂಬ ಇನ್ನೊಂದಕ್ಕೆ ವರ್ಗಾಯಿಸಿದಾಗ ಆ ದೋಷ ಹುಟ್ಟಿತು, 6.1.37, 6.3.11 ಮತ್ತು 6.4.1ರಲ್ಲಿ ಅದಕ್ಕೆ ಪರಿಹಾರ ಬಂತು. ಮೇಪಲ್ ಟ್ರೀ ಇಲ್ಲದ 5.15ಕ್ಕೆ ಆ ಪರಿಹಾರವನ್ನು ಹೊರಲು ಹೊರಟವರು ಇಲ್ಲದ ಗಾಯಕ್ಕೆ ಪಟ್ಟಿ ಕಟ್ಟಿದಂತಾಗುತ್ತದೆ.

ಎರಡನೆಯದಾಗಿ, ಪರಿಹಾರಕ್ಕೂ ಪರಿಹಾರ ಬಂದಿದೆಯೇ ಎಂದು ನೋಡಬೇಕು. 2017ರಲ್ಲಿ ‘ಸ್ಟ್ಯಾಕ್ ಕ್ಲ್ಯಾಶ್’ ದೋಷಕ್ಕಾಗಿ ಸ್ಟ್ಯಾಕಿನ (ಪ್ರಕ್ರಿಯೆಯ ತಾತ್ಕಾಲಿಕ ಮೆಮೊರಿಯ) ಕೆಳಗಿನ ಕಾವಲು ಅಂತರವನ್ನು ಒಂದು ಪುಟದಿಂದ (ಪುಟವೆಂದರೆ ಮೆಮೊರಿ ಹಂಚುವ ಘಟಕ) 256 ಪುಟಗಳಿಗೆ ಹೆಚ್ಚಿಸಿದ ಪ್ಯಾಚಿನ ಬೆನ್ನಿಗೇ, ಅದರಿಂದಾದ ಹೊಸ ಕುಸಿತಗಳನ್ನು ಸರಿಪಡಿಸುವ ಪ್ಯಾಚುಗಳು ಬರಬೇಕಾಯಿತು. ನೀವು ತರಲಿರುವ ಕಮಿಟ್ಟಿನ ಗುರುತನ್ನು, ಹೊಸ ಬದಲಾವಣೆಗಳು ಮೊದಲು ಸೇರುವ ಮುಖ್ಯ ಶಾಖೆಯ ‘ಫಿಕ್ಸಸ್’ ಸಾಲುಗಳಲ್ಲಿ ಹುಡುಕಿದರೆ ಇಂಥವು ಸಿಗುತ್ತವೆ. ಅವುಗಳನ್ನು ಬಿಟ್ಟು ಮೊದಲನೆಯದನ್ನು ಮಾತ್ರ ತಂದರೆ, ಮುಖ್ಯ ಶಾಖೆಯಲ್ಲಿ ಎಲ್ಲರೂ ಆಗಲೇ ದಾಟಿಬಂದ ತೊಂದರೆಯನ್ನು ನಿಮ್ಮ ಬಳಕೆದಾರರಿಗೆ ಹೊಸದಾಗಿ ಕೊಟ್ಟಂತೆ.

ಬಿಡುಗಡೆಯಾದ ಆವೃತ್ತಿಗೆ ಪರಿಹಾರಗಳನ್ನು ಸೇರಿಸುತ್ತ ಹೋಗುವ ಸ್ಟೇಬಲ್ ಶಾಖೆಯ ನಿಯಮಗಳು ದೀರ್ಘವಲ್ಲ. ಪ್ಯಾಚ್ ಅಥವಾ ಅದಕ್ಕೆ ಸಮಾನವಾದ ಪರಿಹಾರ ಮುಖ್ಯ ಶಾಖೆಯಲ್ಲಿ ಆಗಲೇ ಇರಬೇಕು, ಅದು ಸರಿಯೆಂಬುದು ಸ್ಪಷ್ಟವಾಗಿರಬೇಕು ಮತ್ತು ಪರೀಕ್ಷಿತವಾಗಿರಬೇಕು, ಸುತ್ತಲಿನ ಸಾಲುಗಳೂ ಸೇರಿ 100 ಸಾಲನ್ನು ಮೀರಬಾರದು, ಜನರಿಗೆ ನಿಜವಾಗಿ ತೊಂದರೆ ಕೊಡುವ ದೋಷವನ್ನು ಸರಿಪಡಿಸಬೇಕು. ಹಳೆಯ ಶಾಖೆಗೆ ತರುವುದು ಅದಕ್ಕಿಂತ ಹೊಸ ಸ್ಟೇಬಲ್ ಶಾಖೆಗಳಲ್ಲಿಯೂ ಇರಬೇಕು; ಇಲ್ಲವಾದರೆ 5.15ರಿಂದ 6.1ಕ್ಕೆ ಏರಿದವರಿಗೆ ಹೋದ ದೋಷ ಮರಳಿ ಸಿಗುತ್ತದೆ. ಬೇರೆ ವಿಭಾಗಗಳಲ್ಲಿ ಸ್ಟೇಬಲ್ ನಿರ್ವಾಹಕರು ಲೇಖಕರ ಸೂಚನೆಯಿಲ್ಲದ ಪ್ಯಾಚುಗಳನ್ನೂ ಆಯ್ದು ಎತ್ತಿಕೊಳ್ಳುವುದುಂಟು. ಮೆಮೊರಿ ವಿಭಾಗದಲ್ಲಿ ಹಾಗಿಲ್ಲ. ಸ್ಟೇಬಲ್‌ಗೆ ಕಳುಹಿಸಬೇಕೆಂಬ ಸೂಚನೆ ಪ್ಯಾಚಿನಲ್ಲೇ ಇರಬೇಕೆಂಬುದು ಅದರ ನಿರ್ವಾಹಕ ಆಂಡ್ರ್ಯೂ ಮಾರ್ಟನ್ ಅವರ ನಿಲುವು. ಈ ಹಟ ಅತಿಯಾಯಿತು ಎಂದು ಒಂದು ಕಾಲದಲ್ಲಿ ನನಗೂ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಸಿದ್ಧತೆಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಸ್ಟೇಬಲ್ ಭಂಡಾರವನ್ನು ಪೂರ್ಣ ಇತಿಹಾಸದೊಂದಿಗೆ ಇಳಿಸಿಕೊಳ್ಳಬೇಕು. ನಮ್ಮ ಕಡೆಯ ನೆಟ್‌ವರ್ಕಿನಲ್ಲಿ ಹಲವು ಜಿಬಿ ಇಳಿಸುವುದು ತ್ರಾಸವೇ ಸರಿ, ಆದರೆ ಇತಿಹಾಸವನ್ನು ಕತ್ತರಿಸಿ ಇಳಿಸಿಕೊಂಡರೆ ಈ ಕೆಲಸದ ಅರ್ಧಭಾಗ ಮಾಡಲಾಗುವುದಿಲ್ಲ. ಒಬ್ಬರು ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ಹಂಚಿಕೊಳ್ಳಬಹುದು. ಪ್ರತಿಯೊಂದು ಶಾಖೆಗೂ ಗಿಟ್ ವರ್ಕ್‌ಟ್ರೀ ಬಳಸಿ ಪ್ರತ್ಯೇಕ ಕೋಶ ಇಟ್ಟುಕೊಂಡರೆ 6.1ನ್ನೂ ಮುಖ್ಯ ಶಾಖೆಯನ್ನೂ ಅಕ್ಕಪಕ್ಕದಲ್ಲಿ ತೆರೆದು ಓದಬಹುದು. ಪ್ಯಾಚನ್ನು ತರುವಾಗ ಗಿಟ್‌ನ ಚೆರಿ-ಪಿಕ್ ಆದೇಶಕ್ಕೆ ಎಕ್ಸ್ (-x) ಆಯ್ಕೆಯನ್ನು ಸೇರಿಸಿದರೆ ಮೂಲ ಕಮಿಟ್ಟಿನ ಗುರುತು ದಾಖಲಾಗುತ್ತದೆ.

ಇನ್ನು ಕಷ್ಟದ ಭಾಗ. ಕರ್ನಲ್‌ನ ಮೆಮೊರಿ ವಿಭಾಗ ಕೆಲವೇ ವರ್ಷಗಳಲ್ಲಿ ಬುಡಮೇಲಾಗಿದೆ. ಪ್ರಕ್ರಿಯೆಯ ಮೆಮೊರಿ ವಲಯಗಳನ್ನು ಕಾಯುವ, ಎಂಮ್ಯಾಪ್ ಸೆಮಫೋರ್ ಎಂದಿದ್ದ ಬೀಗ 5.8ರಲ್ಲಿ ಎಂಮ್ಯಾಪ್ ಲಾಕ್ ಆಯಿತು, 5.16ರಲ್ಲಿ ಪುಟಗಳ ಗುಂಪನ್ನು ಒಂದಾಗಿ ಹಿಡಿಯುವ ಫೋಲಿಯೊ ಬಂತು, 6.1ರಲ್ಲಿ ಮೇಪಲ್ ಟ್ರೀ, 6.3ರಲ್ಲಿ ವಿಎಂಎ ಫ್ಲ್ಯಾಗುಗಳನ್ನು ನೇರವಾಗಿ ಬದಲಿಸದೆ ಫಂಕ್ಷನ್ನಿನ ಮೂಲಕವೇ ಬದಲಿಸಬೇಕೆಂಬ ಕಟ್ಟಳೆ, 6.4ರಲ್ಲಿ ಒಂದೊಂದು ವಿಎಂಎಗೂ ಪ್ರತ್ಯೇಕ ಲಾಕ್. ನಿಮ್ಮ ಶಾಖೆಗೂ ಪ್ಯಾಚಿಗೂ ನಡುವೆ ಇವುಗಳಲ್ಲಿ ಯಾವ ಗೆರೆಗಳು ಬರುತ್ತವೆ ಎಂದು ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು.

ಹೆಸರಿನ ಬದಲಾವಣೆ ಅಪಾಯವಲ್ಲ. ಕಂಪೈಲರ್ ಅದನ್ನು ಹಿಡಿಯುತ್ತದೆ. ಫೋಲಿಯೊವನ್ನು 5.15ರ ಪೇಜ್ ಆಗಿ ಬದಲಿಸುವಾಗ ಅರ್ಥವೂ ಬದಲಾಗುತ್ತದೆ ಎಂಬುದನ್ನು ಮಾತ್ರ ಅದು ಹಿಡಿಯುವುದಿಲ್ಲ. ಹಲವು ಪುಟಗಳು ಸೇರಿದ ದೊಡ್ಡ ಪುಟದಲ್ಲಿ ಮೊದಲನೆಯದು ತಲೆ, ಉಳಿದವು ಬಾಲ. ಫೋಲಿಯೊ ಎಂದರೆ ಅದು ಎಂದಿಗೂ ಬಾಲದ ಪುಟವಲ್ಲ ಎಂಬ ಭರವಸೆ. ಪೇಜ್ ಎಂದರೆ ಅದು ಒಂಟಿ ಪುಟವಾಗಿರಬಹುದು, ದೊಡ್ಡ ಪುಟದ ತಲೆಯಾಗಿರಬಹುದು, ಬಾಲವೂ ಆಗಿರಬಹುದು. ಪೇಜ್‌ಡರ್ಟಿಯಂಥ ಪರೀಕ್ಷೆ ತಾನಾಗಿ ತಲೆಯ ಪುಟವನ್ನು ಹುಡುಕಿಕೊಂಡು ಹೋಗುತ್ತದೆ, ಪೇಜ್_ಕೌಂಟ್ ಕೂಡ ಹಾಗೆಯೇ. ಆದರೆ ಫೋಲಿಯೊದ ಮ್ಯಾಪಿಂಗ್ (ಅದು ಯಾವುದಕ್ಕೆ ಸೇರಿದ್ದೆಂಬ ಗುರುತು) ಎಂದಿದ್ದಲ್ಲಿ ಪೇಜಿನ ಮ್ಯಾಪಿಂಗ್ ಎಂದು ಬರೆದರೆ, ಬಾಲದ ಪುಟ ಸಿಕ್ಕಿದ ದಿನ ಅಲ್ಲಿರುವುದು ಸಾಮಾನ್ಯವಾಗಿ, ತಪ್ಪು ಬಳಕೆ ಸಿಕ್ಕಿಬೀಳಲೆಂದು ಬೇಕೆಂದೇ ತುಂಬಿಸಿಟ್ಟ ವಿಷದ ಮೌಲ್ಯ. ಪೇಜ್_ರೆಫ್_ಕೌಂಟ್ ತಲೆಯನ್ನು ಹುಡುಕುವುದಿಲ್ಲ. ಫೋಲಿಯೊ_ಮ್ಯಾಪ್‌ಕೌಂಟ್ ಇಡೀ ಗುಂಪಿನ ಲೆಕ್ಕ ಕೊಡುತ್ತದೆ, ಪೇಜ್_ಮ್ಯಾಪ್‌ಕೌಂಟ್ ಆ ಒಂದು ಪುಟದ್ದು ಮಾತ್ರ. ಆದ್ದರಿಂದ ಫಂಕ್ಷನ್ನಿನ ಆರಂಭದಲ್ಲೇ ಕಾಂಪೌಂಡ್_ಹೆಡ್‌ನಿಂದ ತಲೆಯ ಪುಟವನ್ನು ಒಂದು ಬೇರೆ ಹೆಸರಿನಲ್ಲಿ ಹಿಡಿದಿಟ್ಟು, ಮೂಲದಲ್ಲಿ ಫೋಲಿಯೊ ಇದ್ದಲ್ಲೆಲ್ಲ ಆ ಹೆಸರನ್ನೇ ಬಳಸುವುದು ನನ್ನ ಪದ್ಧತಿ.

ವಿಎಂಎಗಳ ಸಾಲನ್ನು ಸುತ್ತುವ ಕುಣಿಕೆಗಳೂ (ಲೂಪ್‌ಗಳೂ) ಹೀಗೆಯೇ. 6.1ರಿಂದ ಈಚೆಗೆ ಇಟರೇಟರ್ ಬಳಸಿ ಸುತ್ತುವುದನ್ನು 5.15ರಲ್ಲಿ ಮುಂದಿನ ವಿಎಂಎಯ ಕೊಂಡಿ ಹಿಡಿದು ಸುತ್ತಬೇಕು. ಕುಣಿಕೆಯೊಳಗೆ ವಿಎಂಎ ಅಳಿಯುವ ಸಾಧ್ಯತೆ ಇದ್ದರೆ ಮುಂದಿನ ಕೊಂಡಿಯನ್ನು ಮೊದಲೇ ತೆಗೆದಿಡಬೇಕು, ನಡುವೆ ಲಾಕ್ ಬಿಟ್ಟು ಮತ್ತೆ ಹಿಡಿದಿದ್ದರೆ ಹಳೆಯ ಕೊಂಡಿಯನ್ನು ನಂಬದೆ ವಿಳಾಸದಿಂದ ಹುಡುಕಬೇಕು. ಮೂಲದಲ್ಲಿ ವಿಎಂಎಯ ಪ್ರತ್ಯೇಕ ಲಾಕ್ ಹಿಡಿಯುವ ಸಾಲಿದ್ದು ನಿಮ್ಮ ಶಾಖೆಯಲ್ಲಿ ಆ ಲಾಕ್ ಇಲ್ಲದಿದ್ದರೆ ಸಾಲನ್ನು ಅಳಿಸುವ ಮುನ್ನ, ಆ ಹಾದಿಗೆ ಬರುವವರೆಲ್ಲ ಎಂಮ್ಯಾಪ್ ಲಾಕನ್ನು ಬರಹಕ್ಕಾಗಿ ಹಿಡಿದೇ ಬರುತ್ತಾರೆಯೇ ಎಂದು ಕರೆಯುವ ಒಂದೊಂದು ಜಾಗವನ್ನೂ ಓದಿ ಖಾತ್ರಿ ಮಾಡಿಕೊಳ್ಳಬೇಕು.

ಈಗ ನಾನೇ ಮಾಡಿದ ತಪ್ಪು. ನಾನು ನೋಡಿಕೊಳ್ಳುವ ಒಂದು ಸಣ್ಣ ಸರ್ವರಿನ 6.1 ಕರ್ನಲ್‌ಗೆ 6.6ರ ಕಾಲದ ಒಂದು ಪ್ಯಾಚನ್ನು ತಂದಿದ್ದೆ. ಸಂಘರ್ಷ ಇರಲಿಲ್ಲ, ಕಂಪೈಲರಿನ ಒಂದು ಎಚ್ಚರಿಕೆಯೂ ಇರಲಿಲ್ಲ. ಅದರಲ್ಲಿ ಫೋಲಿಯೊ_ಐಸೊಲೇಟ್_ಎಲ್‌ಆರ್‌ಯು ಎಂಬ ಫಂಕ್ಷನ್ನನ್ನು ಕರೆದು, ಅದರ ಮುಂದೆ ‘ಅಲ್ಲ’ ಎಂಬ ಚಿಹ್ನೆ (!) ಇಟ್ಟು, ಪುಟವನ್ನು ಸಾಲಿನಿಂದ (ಬಳಕೆಯ ಕ್ರಮದಲ್ಲಿ ಪುಟಗಳನ್ನು ಇಡುವ ಎಲ್‌ಆರ್‌ಯು ಪಟ್ಟಿಯಿಂದ) ಬಿಡಿಸಲಾಗದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗು ಎಂದು ಬರೆದಿತ್ತು. 2023ರಲ್ಲಿ ಈ ಫಂಕ್ಷನ್ ಮರಳಿಸುವ ಮೌಲ್ಯವನ್ನು ಬದಲಿಸಿದ್ದರು: ಆ ಬಳಿಕ ಗೆದ್ದರೆ ಸತ್ಯ, ಸೋತರೆ ಮಿಥ್ಯ. 6.1ರಲ್ಲಿ ಗೆದ್ದರೆ ಸೊನ್ನೆ, ಸೋತರೆ ಋಣಸಂಖ್ಯೆ. ಹೆಸರು ಅದೇ, ಕೊಡುವ ಪುಟವೂ ಅದೇ, ಉತ್ತರ ಮಾತ್ರ ತಿರುವುಮುರುವು. ಹೀಗಾಗಿ ನನ್ನ ಕರ್ನಲ್‌ನಲ್ಲಿ ಸಾಲಿನಿಂದ ಸರಿಯಾಗಿ ಬಿಡಿಸಿದ ಪುಟಗಳೆಲ್ಲ ‘ಆಗಲಿಲ್ಲ’ ಎಂಬ ಹಾದಿ ಹಿಡಿದು, ಯಾರೂ ಮರಳಿ ಸಾಲಿಗೆ ಸೇರಿಸದೆ ಹಾಗೆಯೇ ಉಳಿದವು.

ಮೊದಲ ದಿನ ಏನೂ ತಿಳಿಯಲಿಲ್ಲ, ಏಕೆಂದರೆ ಆ ಹಾದಿ ಮೆಮೊರಿಯ ಒತ್ತಡ ಬಂದಾಗ ಮಾತ್ರ ನಡೆಯುವಂಥದ್ದು. ಮೂರನೆಯ ದಿನ ಸರ್ವರ್ ಆಮೆಯಾಯಿತು. ಮೆಮೊರಿಯ ಲೆಕ್ಕ ತೋರಿಸುವ ಮೆಮ್‌ಇನ್ಫೊ ತೆರೆದರೆ, ಸಾಲಿನಲ್ಲಿರುವ ಪುಟಗಳನ್ನು ಎಣಿಸುವ ಆಕ್ಟಿವ್ ಮತ್ತು ಇನಾಕ್ಟಿವ್ ಲೆಕ್ಕಗಳ ಮೊತ್ತ ಕುಸಿದಿತ್ತು, ಪ್ರಕ್ರಿಯೆಗಳು ಬಳಸುತ್ತಿರುವ ಪುಟಗಳ ಲೆಕ್ಕವಾದ ಅನಾನ್‌ಪೇಜಸ್ ಮಾತ್ರ ಇದ್ದಷ್ಟೇ ಇತ್ತು. ಪುಟಗಳು ಬಳಕೆಯಲ್ಲಿವೆ, ಆದರೆ ಯಾವ ಸಾಲಿನಲ್ಲೂ ಇಲ್ಲ ಎಂದೊಡನೆ ಎಲ್ಲಿ ನೋಡಬೇಕೆಂದು ಹೊಳೆಯಿತು; ಅದಕ್ಕೂ ಮುನ್ನ ಒಂದಿಡೀ ರಾತ್ರಿ ಹಾಳಾಗಿತ್ತು. ಬಿಡಿಸಲಾಗದ ಪುಟವನ್ನು ಬಿಡಿಸಿದ್ದೆಂದು ಬಗೆದು ಬೇರೆ ಪಟ್ಟಿಗೆ ಸೇರಿಸುವ ಇನ್ನೊಂದು ಹಾದಿಯೂ ಕೋಡಿನ ಅದೇ ಸಾಲಿನಲ್ಲಿ ತೆರೆದುಕೊಂಡಿತ್ತು, ಅದು ಪಟ್ಟಿಗಳನ್ನೇ ಕೆಡಿಸುವಂಥದ್ದು. ಅಲ್ಲಿಂದ ಈಚೆಗೆ, ಪ್ಯಾಚ್ ಕರೆಯುವ ಪ್ರತಿಯೊಂದು ಫಂಕ್ಷನ್ನಿನ ಒಡಲನ್ನೂ ಎರಡೂ ಶಾಖೆಗಳಲ್ಲಿ ತೆರೆದು ಮೂರು ಸಂಗತಿಗಳನ್ನು ಹೋಲಿಸದೆ ನಾನು ಮುಂದೆ ಹೋಗುವುದಿಲ್ಲ: ಅದು ಏನನ್ನು ಮರಳಿಸುತ್ತದೆ, ಯಾವ ಲಾಕ್ ಹಿಡಿದಿರಬೇಕೆಂದು ಬಯಸುತ್ತದೆ, ಪುಟದ ರೆಫರೆನ್ಸನ್ನು (ಪುಟ ಬಳಕೆಯಲ್ಲಿದೆ ಎಂಬ ಹಿಡಿತವನ್ನು) ತಾನೇ ಬಿಡುತ್ತದೆಯೇ ಕರೆದವರಿಗೆ ಬಿಡುತ್ತದೆಯೇ. ಮಾರ್ಟನ್ ಅವರ ಹಟ ನನಗೀಗ ಅತಿಯೆನ್ನಿಸದಿರುವುದೂ ಇದಕ್ಕೇ.

ಪ್ಯಾಚ್ ಬೇರೊಂದು ಪ್ಯಾಚನ್ನು ಅವಲಂಬಿಸಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಬರುತ್ತದೆ. ಆ ಪೂರ್ವಪ್ಯಾಚ್ ನಡವಳಿಕೆಯನ್ನು ಬದಲಿಸದ ಸಣ್ಣ ಸಹಾಯಕ ಫಂಕ್ಷನ್ ಆಗಿದ್ದರೆ ಅದನ್ನೂ ತರುವುದು ಒಳ್ಳೆಯದು, ಮುಂದಿನ ಪ್ಯಾಚುಗಳಿಗೂ ಅನುಕೂಲ. ಯಾವುದಕ್ಕಾಗಿ ತಂದದ್ದೆಂದು ‘ಸ್ಟೇಬಲ್-ಡೆಪ್-ಆಫ್’ ಸಾಲಿನಲ್ಲಿ ಬರೆಯುತ್ತಾರೆ. ಒಂದಕ್ಕೆ ಇನ್ನೊಂದು ಎಂದು ಸರಣಿ ಉದ್ದವಾಗುತ್ತ ಹೋದರೆ ನಿಲ್ಲಿಸಿ, ಪರಿಹಾರದ ತಿರುಳನ್ನು ಹಳೆಯ ಕೋಡಿನ ಭಾಷೆಯಲ್ಲಿ ಕೈಯಾರೆ ಬರೆಯಬೇಕು. ಕಾಳುಮೆಣಸನ್ನು ಹಿಪ್ಪಲಿಗೆ ಕಸಿ ಕಟ್ಟುವವರು ಕುಡಿಯನ್ನು ತರುತ್ತಾರೆಯೇ ಹೊರತು ಇಡೀ ಬಳ್ಳಿಯನ್ನಲ್ಲ.

ಪರೀಕ್ಷೆಯನ್ನು ಪ್ಯಾಚ್ ಇಲ್ಲದ ಕರ್ನಲ್‌ನಿಂದಲೇ ಆರಂಭಿಸಬೇಕು. ದೋಷವನ್ನು ಅಲ್ಲಿ ಕಣ್ಣಾರೆ ಕಾಣದಿದ್ದರೆ, ಪ್ಯಾಚ್ ಹಾಕಿದ ಮೇಲೆ ಕಾಣದಿರುವುದಕ್ಕೆ ಬೆಲೆಯಿಲ್ಲ. ವರ್ಚುವಲ್ ಯಂತ್ರಕ್ಕೆ ಬೇಕೆಂದೇ ಕಡಿಮೆ ಮೆಮೊರಿ ಕೊಟ್ಟು, ಸ್ವಾಪ್ ಇಟ್ಟು, ಪಾರದರ್ಶಕ ದೊಡ್ಡ ಪುಟಗಳನ್ನು ‘ಯಾವಾಗಲೂ’ ಎಂದು ಹೊಂದಿಸಿದರೆ ಬಾಲದ ಪುಟಗಳೂ ಮೆಮೊರಿ ಮರುವಶದ ಹಾದಿಗಳೂ ಬೇಗ ಎದುರಾಗುತ್ತವೆ. ಕರ್ನಲ್ ಕಟ್ಟುವಾಗ ಡೀಬಗ್_ವಿಎಂ, ಡೀಬಗ್_ಲಿಸ್ಟ್, ಪ್ರೂವ್_ಲಾಕಿಂಗ್ ಮತ್ತು ಕಾಸಾನ್ ಎಂಬ ದೋಷ ಹಿಡಿಯುವ ಆಯ್ಕೆಗಳನ್ನು ಸೇರಿಸಬೇಕು; ಸಾಮಾನ್ಯ ರೀತಿಯ ಕಾಸಾನ್ ಮೆಮೊರಿಯ ಎಂಟನೆಯ ಒಂದಂಶವನ್ನು ತನಗೇ ಇಟ್ಟುಕೊಳ್ಳುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ನನ್ನ ತಪ್ಪಿನ ಎರಡನೆಯ ಹಾದಿಯನ್ನು ಡೀಬಗ್_ಲಿಸ್ಟ್ ಹಿಡಿಯುತ್ತಿತ್ತು, ಅಂದು ನಾನು ಅದನ್ನು ಹಾಕಿರಲಿಲ್ಲ. ಬಳಿಕ ಕರ್ನಲ್‌ನ ಜೊತೆಗೇ ಬರುವ ಸೆಲ್ಫ್‌ಟೆಸ್ಟುಗಳ ಎಂಎಂ ಕೋಶವನ್ನು (6.1ರಲ್ಲಿ ಅದರ ಹೆಸರು ವಿಎಂ), ಲಿನಕ್ಸ್ ಟೆಸ್ಟ್ ಪ್ರಾಜೆಕ್ಟಿನ (ಎಲ್‌ಟಿಪಿ) ಮೆಮೊರಿ ಪರೀಕ್ಷೆಗಳನ್ನು, ವ್ಯವಸ್ಥೆಯ ಮೇಲೆ ಒತ್ತಡ ಹೇರುವ ಸ್ಟ್ರೆಸ್-ಎನ್‌ಜಿಯನ್ನು ರಾತ್ರಿಯಿಡೀ ಓಡಿಸಬೇಕು. 32 ಬಿಟ್‌ಗೂ ಎಂಎಂಯು (ಮೆಮೊರಿ ವಿಳಾಸಗಳನ್ನು ನಿರ್ವಹಿಸುವ ಯಂತ್ರಾಂಶ) ಇಲ್ಲದ ಸಂರಚನೆಗೂ ಕಟ್ಟಿಯಾದರೂ ನೋಡಬೇಕು. ಮೆಮೊರಿ ವಿಭಾಗದ ಬ್ಯಾಕ್‌ಪೋರ್ಟುಗಳು ಮುರಿದುಬೀಳುವುದು ಹೆಚ್ಚಾಗಿ ಅಲ್ಲಿಯೇ. ವರ್ಚುವಲ್ ಯಂತ್ರದ ಸೀರಿಯಲ್ ಕನ್ಸೋಲನ್ನು ಕಡತಕ್ಕೆ ತಿರುಗಿಸಿಟ್ಟರೆ ಯಂತ್ರ ಬಿದ್ದ ಕ್ಷಣದ ಕೊನೆಯ ಸಾಲುಗಳು ಉಳಿಯುತ್ತವೆ.

ಕಮಿಟ್ಟಿನ ವಿವರಣೆಯಲ್ಲಿ ಮೊದಲಿಗೆ ಮುಖ್ಯ ಶಾಖೆಯ ಕಮಿಟ್ಟಿನ ಪೂರ್ಣ 40 ಅಕ್ಷರಗಳ ಗುರುತು, ಆಮೇಲೆ ಮೂಲ ವಿವರಣೆ ಇದ್ದಂತೆಯೇ, ಮೂಲ ಸಹಿಗಳ ಕೆಳಗೆ ಚೌಕ ಆವರಣದಲ್ಲಿ ನೀವು ಬದಲಿಸಿದ್ದೇನು ಮತ್ತು ಏಕೆ ಎಂಬ ಟಿಪ್ಪಣಿ, ಕೊನೆಗೆ ನಿಮ್ಮ ಸಹಿ ಇರಬೇಕು. ‘ಸಂಘರ್ಷ ಬಗೆಹರಿಸಲಾಗಿದೆ’ ಎಂಬಷ್ಟೇ ಬರೆದ ಟಿಪ್ಪಣಿಯಿಂದ ಯಾರಿಗೂ ಪ್ರಯೋಜನವಿಲ್ಲ. ‘6.1ರಲ್ಲಿ ಈ ಫಂಕ್ಷನ್ ಗೆದ್ದರೆ ಸೊನ್ನೆ ಮರಳಿಸುವುದರಿಂದ ಷರತ್ತನ್ನು ತಿರುಗಿಸಲಾಗಿದೆ’ ಎಂದು ಬರೆದರೆ, ಓದುವವರು ಅದೊಂದು ಸಾಲನ್ನು ತೆರೆದು ನಿಮ್ಮನ್ನು ಒಪ್ಪಬಹುದು ಅಥವಾ ತಿದ್ದಬಹುದು. ಮೂಲ ಪ್ಯಾಚಿಗೂ ನಿಮ್ಮದಕ್ಕೂ ಗಿಟ್‌ನ ಹೋಲಿಕೆಯ ಆದೇಶವಾದ ರೇಂಜ್-ಡಿಫ್ ಓಡಿಸಿ, ಅದು ತೋರಿಸುವ ಪ್ರತಿಯೊಂದು ವ್ಯತ್ಯಾಸಕ್ಕೂ ಟಿಪ್ಪಣಿಯಲ್ಲಿ ಕಾರಣ ಇದೆಯೇ ಎಂದು ನೋಡಿ. ಶೀರ್ಷಿಕೆಯಲ್ಲಿ ಯಾವ ಶಾಖೆಗೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ.

ಪ್ಯಾಚ್ ಸ್ವೀಕೃತವಾದರೆ ಮುಂದಿನ ಬಿಡುಗಡೆಯ ಪೂರ್ವರೂಪದಲ್ಲಿ ಅದು ಸೇರಿ ಪರಿಶೀಲನೆಗೆ ಬರುತ್ತದೆ. ಅದಕ್ಕೆ ಸಿಗುವುದು ಸಾಮಾನ್ಯವಾಗಿ 48 ಗಂಟೆ. ನಿಮ್ಮ ಪ್ಯಾಚ್ ಬೇರೆ ನೂರಾರು ಪ್ಯಾಚುಗಳ ಜೊತೆ ಸೇರಿದ ಆ ಕೋಡನ್ನು ಅಷ್ಟರೊಳಗೆ ಮತ್ತೊಮ್ಮೆ ಕಟ್ಟಿ, ಅದೇ ಪರೀಕ್ಷೆಗಳನ್ನು ಓಡಿಸಿ ಫಲಿತಾಂಶ ತಿಳಿಸಬೇಕು. ಜಡಿಮಳೆಗೆ ಕರೆಂಟು ಹೋಗುವ ಆಟಿ ತಿಂಗಳಾಗಿದ್ದರೆ ಇನ್ವರ್ಟರಿನ ಬ್ಯಾಟರಿಗೆ ನೀರು ತುಂಬಿಸಿಯೇ ಕುಳಿತುಕೊಳ್ಳಿ.