ಡಿಸ್ಕೋ ಬೀಟಿಗೆ ಭೂಪ ಹಾಕಿ ನೋಡಿದೆ

ಹುಬ್ಬಳ್ಳಿ ಕಡೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತ ಇಪ್ಪತ್ತು ವರ್ಷದ ಮೇಲಾಯಿತು. ಗಣಪತಿ ಪೆಂಡಾಲು, ಮದುವೆ ರಿಸೆಪ್ಶನ್ನು, ಜಾತ್ರೆ. ಹೊಸ ಹಾಡು ಬಂದರೆ ಎರಡು ದಿನದಲ್ಲಿ ಕೂರಿಸಬೇಕು. ಹಾಗಾಗಿ ಹಾಡು ಕೇಳುವುದೆಂದರೆ ನನಗೆ ಕೆಲಸ. ಮನೆಗೆ ಬಂದ ಮೇಲೆ ಫ್ಯಾನಿನ ಸದ್ದು ಸಾಕು ಅನಿಸುತ್ತದೆ.

2011ರಲ್ಲಿ ಒಬ್ಬ ಗೆಳೆಯ ಒಂದು ಲಿಂಕ್ ಕಳಿಸಿದ. ಚರಣ್‌ಜಿತ್ ಸಿಂಗ್ ಅನ್ನುವವರ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. 1982ರಲ್ಲಿ ರೆಕಾರ್ಡ್ ಮಾಡಿದ ಆಲ್ಬಂ. ಹತ್ತು ರಾಗ, ಹಾಡುಗಾರರಿಲ್ಲ, ತಬಲಾ ಇಲ್ಲ, ತಂಬೂರಿ ಇಲ್ಲ. ಬರೀ ಯಂತ್ರ. ಮೊದಲನೆಯದೇ ಭೈರವಿ. ನಾನು ನಕ್ಕುಬಿಟ್ಟೆ. ನಮ್ಮ ಕಡೆ ಭೈರವಿ ಶುರುವಾಯಿತೆಂದರೆ ಜನ ಚಪ್ಪಲಿ ಹುಡುಕತೊಡಗುತ್ತಾರೆ. ಕಛೇರಿ ಮುಗಿಸುವ ರಾಗ ಅದು. ಇವರು ಅದರಿಂದಲೇ ಶುರು ಮಾಡಿದ್ದಾರೆ! ಎರಡು ನಿಮಿಷ ಕೇಳಿ ‘ಆಟದ ಸಾಮಾನು’ ಅಂತ ಗೆಳೆಯನಿಗೆ ಉತ್ತರ ಬರೆದು ಸುಮ್ಮನಾದೆ.

ಮತ್ತೆ ಅದು ಕಿವಿಗೆ ಬಿದ್ದದ್ದು 2020ರಲ್ಲಿ. ಲಾಕ್‌ಡೌನು, ಒಂದೂ ಪ್ರೋಗ್ರಾಂ ಇಲ್ಲ. ಕೀಬೋರ್ಡಿನ ಮೇಲೆ ಹಳೇ ಸೀರೆ ಹೊದಿಸಿ ಇಟ್ಟಿದ್ದೆ. ಒಂದು ರಾತ್ರಿ ನಿದ್ದೆ ಬರದೆ ಹೆಡ್‌ಫೋನ್ ಹಾಕಿಕೊಂಡು ಇಡೀ ಆಲ್ಬಂ ಕೇಳಿದೆ. ಭೈರವಿ, ಲಲಿತ, ಭೂಪಾಲಿ, ತೋಡಿ, ಮಧುವಂತಿ. ರೆಕಾರ್ಡಿನ ಮಗ್ಗುಲು ತಿರುಗಿಸಿದರೆ ಮೇಘ ಮಲ್ಹಾರ, ಯಮನ್, ಕಲಾವತಿ, ಮಾಲಕಂಸ, ಬೈರಾಗಿ. ಮುಗಿದಾಗ ನಗು ಬರಲಿಲ್ಲ. ಆದರೆ ಯಾಕೆ ಹಿಡಿಸಿತು ಅನ್ನುವುದೂ ತಿಳಿಯಲಿಲ್ಲ. ನನಗೆ ಒಂದು ಸಂಗತಿ ತಿಳಿಯಬೇಕೆಂದರೆ ಕೈಯಾಡಿಸಿ ನೋಡಬೇಕು. ಹಾಗೇ ಮಾಡಿದೆ.

ಅದಕ್ಕಿಂತ ಮೊದಲು ಈ ಮನುಷ್ಯನ ಬಗ್ಗೆ ಎರಡು ಮಾತು. ಚರಣ್‌ಜಿತ್ ಸಿಂಗ್ ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. ಬಾಸ್ ಗಿಟಾರ್, ಸ್ಟೀಲ್ ಗಿಟಾರ್, ಆಮೇಲೆ ಸಿಂಥಸೈಜರ್. ಶಂಕರ್–ಜೈಕಿಶನ್, ಆರ್.ಡಿ. ಬರ್ಮನ್, ಲಕ್ಷ್ಮೀಕಾಂತ್–ಪ್ಯಾರೇಲಾಲ್ ಎಲ್ಲರಿಗೂ ನುಡಿಸಿದ್ದಾರೆ. ಅಂದರೆ ನಮ್ಮ ಜಾತಿಯವರೇ. ಹಾಡು ಹಿಟ್ ಆದರೆ ಹೆಸರು ಬೇರೆಯವರದ್ದು, ಬಿಟ್ ನುಡಿಸಿದವನು ಸಂಬಳ ತೆಗೆದುಕೊಂಡು ಬಸ್ ಹತ್ತುತ್ತಾನೆ. ಆಗ ಸಿನಿಮಾ ತುಂಬ ಡಿಸ್ಕೋ. ಅದೇ ಬೀಟಿನಲ್ಲಿ ರಾಗ ಯಾಕೆ ನುಡಿಸಬಾರದು ಅಂತ ಇವರಿಗೆ ಅನಿಸಿತು. ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಕೂತರು. ತಾಳಕ್ಕೆ ಟಿಆರ್-808, ಬಾಸಿಗೆ ಟಿಬಿ-303, ಲೀಡಿಗೆ ಜುಪಿಟರ್-8.

ಎಚ್‌ಎಂವಿ ಹೊರತಂದ ಆಲ್ಬಂ ಅದು. ಓಡಲಿಲ್ಲ. ಶಾಸ್ತ್ರೀಯ ಕೇಳುವವರಿಗೆ ಅದು ಡಿಸ್ಕೋ, ಡಿಸ್ಕೋ ಕುಣಿಯುವವರಿಗೆ ಅದು ರಾಗ. ಯಾರು ಕೊಳ್ಳಬೇಕು? ಇಪ್ಪತ್ತು ವರ್ಷ ಕಳೆದು 2002ರಲ್ಲಿ ನೆದರ್‌ಲ್ಯಾಂಡ್ಸಿನ ರೆಕಾರ್ಡ್ ಸಂಗ್ರಾಹಕ ಎಡೋ ಬೌಮನ್‌ಗೆ ದೆಹಲಿಯ ಒಂದು ಅಂಗಡಿಯಲ್ಲಿ ಇದು ಸಿಕ್ಕಿತು. ಅವರೇ 2010ರಲ್ಲಿ ಮತ್ತೆ ಹೊರತಂದರು. ಕೇಳಿದವರು ಎಷ್ಟು ತಬ್ಬಿಬ್ಬಾದರೆಂದರೆ, ಇದು ಹಳೇದೇ ಅಲ್ಲ, ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತಗಾರ ಅಫೆಕ್ಸ್ ಟ್ವಿನ್ ಸುಳ್ಳು ಹೆಸರಿನಲ್ಲಿ ಮಾಡಿದ ಕೀಟಲೆ ಅಂತಲೂ ಗಾಳಿಮಾತು ಹಬ್ಬಿತ್ತು. ಕೊನೆಗಾಲದಲ್ಲಿ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಇದನ್ನೇ ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು.

ಈಗ ನನ್ನ ಕಥೆ.

ಹಳೇ 303 ಕೊಳ್ಳುವ ಯೋಗ್ಯತೆ ನನಗಿಲ್ಲ. ಅದರ ಉತ್ಪಾದನೆ ನಿಂತದ್ದೇ 1984ರಲ್ಲಿ. ಈಗ ಅದರ ಬೆಲೆ ಕೇಳಿದರೆ ನನ್ನ ಕೀಬೋರ್ಡ್, ಸ್ಕೂಟರ್ ಎರಡೂ ಮಾರಬೇಕು. ಅದರ ಹಾಗೇ ಕೆಲಸ ಮಾಡುವ ನಕಲು ಪೆಟ್ಟಿಗೆಯೊಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಮಾರಿದವನು ‘ಎಲ್ಲ ಓಕೆ’ ಅಂದಿದ್ದ. ಮನೆಗೆ ತಂದು ನೋಡಿದರೆ ಒಂದು ಬಟನ್ ಒತ್ತಿದರೆ ಏಳುತ್ತಿರಲಿಲ್ಲ. ಬಿಚ್ಚಿ, ಸ್ಪಿರಿಟ್ ಹಾಕಿ ಒರೆಸಿದ ಮೇಲೆ ಸರಿಯಾಯಿತು. ತಾಳಕ್ಕೆ ಲ್ಯಾಪ್‌ಟಾಪಿನಲ್ಲಿ 808ರ ಸದ್ದು. ಲೀಡಿಗೆ ನನ್ನದೇ ಕೀಬೋರ್ಡ್.

ರಾಗ ಭೂಪಾಲಿ ಅಂತ ನಿರ್ಧಾರ ಮಾಡಿದೆ. ನಾವೆಲ್ಲ ಭೂಪ ಅನ್ನುತ್ತೇವೆ. ಕರ್ನಾಟಕಿಯವರ ಮೋಹನ. ಐದೇ ಸ್ವರ, ಎಲ್ಲ ಶುದ್ಧ: ಸ ರೆ ಗ ಪ ಧ. ಧಾರವಾಡದಲ್ಲಿ ಹಾರ್ಮೋನಿಯಂ ಕಲಿಯುವಾಗ ಮೇಷ್ಟ್ರು ಮೊದಲು ಕೊಟ್ಟ ರಾಗಗಳಲ್ಲಿ ಒಂದು. ಸುಲಭ ಅಂದುಕೊಂಡೆ.

303ಕ್ಕೆ ಹಾಡು ಹೇಳಿಕೊಡುವುದು ವಿಚಿತ್ರ ಕೆಲಸ. ನಾವು ನುಡಿಸಿದ್ದನ್ನು ಅದು ಹಿಡಿದುಕೊಳ್ಳುವುದಿಲ್ಲ. ಮೊದಲು ಬರೀ ಸ್ವರ ಒಂದೊಂದಾಗಿ ಒತ್ತಬೇಕು, ಕಾಲವಿಲ್ಲ. ಆಮೇಲೆ ಬರೀ ಕಾಲ: ಇಲ್ಲಿ ಸ್ವರ, ಇಲ್ಲಿ ಎಳೆ, ಇಲ್ಲಿ ಮೌನ. ಒಟ್ಟು ಹದಿನಾರು ಮನೆ. ಯಾವ ಸ್ವರ ಒತ್ತಿ ನುಡಿಯಬೇಕು, ಯಾವುದು ಮುಂದಿನದಕ್ಕೆ ಜಾರಬೇಕು ಅನ್ನುವುದನ್ನೂ ಮನೆಮನೆಗೆ ಗುರುತು ಮಾಡಬೇಕು. ಬೆರಳು ಬೇರೆ, ಲಯ ಬೇರೆ ಅಂತ ಸೀಳಿ ಇಟ್ಟಂತೆ. ಮೊದಲ ದಿನ ತಲೆ ಕೆಟ್ಟುಹೋಯಿತು.

ಮೇಷ್ಟ್ರು ಹೇಳಿಕೊಟ್ಟ ಭೂಪದ ಪಕಡ್ ಹಾಕಿದೆ. ಪಕಡ್ ಅಂದರೆ ರಾಗದ ಗುರುತು ಹಿಡಿಸುವ ಸ್ವರಗಳ ಸಾಲು. ಗ ರೆ ಸ ಧ, ಸ ರೆ ಗ, ಪ ಗ, ಧ ಪ ಗ, ರೆ ಸ. ಎಣಿಸಿದರೆ ಹದಿನಾಲ್ಕು ಸ್ವರ. ಎರಡು ಮನೆ ಉಳಿಯಿತು. ಎರಡು ಕಡೆ ಗಾಂಧಾರವನ್ನು ಒಂದೊಂದು ಮನೆ ಎಳೆದೆ. ಭೂಪದಲ್ಲಿ ಗಾಂಧಾರವೇ ವಾದಿ, ಅಂದರೆ ಮುಖ್ಯ ಸ್ವರ, ಅದಕ್ಕೆ ಜಾಗ ಜಾಸ್ತಿ ಸಿಗಬೇಕಾದ್ದೇ. ಸ–ಧ ಮತ್ತು ಪ–ಗ ಮಧ್ಯೆ ಜಾರುವ ಗುರುತು ಹಾಕಿದೆ. ಹಾಡುವವರು ಸ್ವರದಿಂದ ಸ್ವರಕ್ಕೆ ಎಳೆಯುವ ಮೀಂಡ್ ಬರುವ ಜಾಗ ಅದು. ಬಟನ್ ಒತ್ತಿದೆ. ಅಬ್ಬಾ! ಮೊದಲ ಸುತ್ತಿಗೆ ಮೈ ಜುಮ್ ಅಂದಿತು. ಯಂತ್ರ ಭೂಪ ಹಾಡುತ್ತಿತ್ತು.

ಇಪ್ಪತ್ತನೇ ಸುತ್ತಿಗೆ ಅದು ಮೊಬೈಲ್ ರಿಂಗ್‌ಟೋನ್ ಆಗಿತ್ತು.

ಇಲ್ಲಿ ಒಂದು ವಾರ ಸಿಕ್ಕಿಕೊಂಡೆ. ಕೆಳಗೆ ಕಾರ್ಡ್, ಅಂದರೆ ಮೂರು ಸ್ವರ ಒಟ್ಟಿಗೆ, ಹಾಕಿದರೆ ತುಂಬಿಕೊಳ್ಳುತ್ತದೆ ಅನಿಸಿತು. ಆರ್ಕೆಸ್ಟ್ರಾದವನ ಕೈ, ಖಾಲಿ ಜಾಗ ಕಂಡರೆ ಕಾರ್ಡ್ ಹಾಕುತ್ತದೆ. ಷಡ್ಜ ಬಿಳಿ ಒಂದಕ್ಕೆ, ಅಂದರೆ ಸಿ ಮನೆಗೆ ಇಟ್ಟಿದ್ದೆ. ಸಿ ಮೇಜರ್ ಸರಿ, ಎ ಮೈನರ್ ಸರಿ. ಎಫ್ ಮೇಜರ್ ಹಾಕಿದೊಡನೆ ಅದರಲ್ಲಿ ಮಧ್ಯಮ ಬಂತು. ಜಿ ಮೇಜರ್ ಹಾಕಿದರೆ ನಿಷಾದ. ಭೂಪಕ್ಕೆ ಎರಡೂ ವರ್ಜ್ಯ. ಡಿಸ್ಕೋ ಹಾಡಿನ ಬೆನ್ನೆಲುಬೇ ಕಾರ್ಡ್ ಬದಲಾಗುವುದು. ರಾಗ ಅದನ್ನು ಒಪ್ಪುವುದಿಲ್ಲ.

ಆಗ ಮತ್ತೆ ಆಲ್ಬಂ ಹಚ್ಚಿದೆ. ಈ ಸಲ ಲೀಡ್ ಬಿಟ್ಟು ಕೆಳಗಿನದ್ದನ್ನಷ್ಟೇ ಕೇಳಿದೆ. ಕಾರ್ಡ್ ಬದಲಾಗುವುದೇ ಇಲ್ಲ! ಬಾಸ್ ಒಂದೇ ಕಡೆ ನಿಂತು ಸುತ್ತುತ್ತದೆ. ನಾನು 303ಕ್ಕೆ ಹಾಡು ಹೇಳಿಕೊಟ್ಟಿದ್ದೆ. ಅವರು ಅದನ್ನು ತಂಬೂರಿ ಮಾಡಿದ್ದರು. ಗುಳುಗುಳು ಅನ್ನುವ, ಓಡುವ ತಂಬೂರಿ. ರಾಗವನ್ನು ಮೇಲೆ ಕೈಯಲ್ಲೇ ನುಡಿಸಿದ್ದಾರೆ. ಕೈ ಎರಡು ಸಲ ಒಂದೇ ತರ ನುಡಿಸುವುದಿಲ್ಲ, ಅಲ್ವಾ?

ಪಕಡ್ ಅಳಿಸಿದೆ. ಸ, ಪ, ಮೇಲಿನ ಸ, ನಡುವೆ ಒಂದು ಧ, ಒಂದು ಗ. ಅಷ್ಟೇ ಹಾಕಿದೆ. ಬೇಸರ ಬರಲಿಲ್ಲ. ತಂಬೂರಿ ಕೇಳಿ ಯಾರಿಗೆ ಬೇಸರ ಬರುತ್ತದೆ!

ಮುಂದೆ ತಾಳ. 808ರಲ್ಲೂ ಹದಿನಾರು ಮನೆ, ತೀನ್‌ತಾಲಕ್ಕೂ ಹದಿನಾರು ಮಾತ್ರೆ. ಖುಷಿಯಾಯಿತು. ಒಂಬತ್ತನೇ ಮಾತ್ರೆಗೆ ಖಾಲಿ, ಅಂದರೆ ಪೆಟ್ಟಿಲ್ಲದೆ ಕೈ ಬೀಸುವ ಜಾಗ, ಹಾಗಾಗಿ ಅಲ್ಲಿ ಡ್ರಮ್ಮಿನ ಗುದ್ದು ತೆಗೆದೆ. ಬಹಳ ಜಾಣ ಕೆಲಸ ಮಾಡಿದೆ ಅಂದುಕೊಂಡೆ. ಕೇಳಿದರೆ ಯಂತ್ರ ಎಡವಿದಂತೆ ಇತ್ತು. ಡಿಸ್ಕೋ ಗುದ್ದು ಉಸಿರಿನ ಹಾಗೆ, ಒಂದು ತಪ್ಪಿದರೆ ಗಾಬರಿಯಾಗುತ್ತದೆ. ತಬಲಾದವನು ಖಾಲಿಯಲ್ಲಿ ಎಡಗೈಯ ಬಾಯಾ ಬಿಟ್ಟರೂ ಬಲಗೈಯ ದಾಯಾಂ ನುಡಿಯುತ್ತಲೇ ಇರುತ್ತದೆ. ಇಲ್ಲಿ ಅದಿಲ್ಲ. ಗುದ್ದು ಮರಳಿ ಹಾಕಿದೆ.

ಜಾರುವಿಕೆಯ ವಿಷಯ ಸ್ವಲ್ಪ ಹೇಳಬೇಕು. 303ರ ಜಾರು ಎಷ್ಟು ಹೊತ್ತು ಅನ್ನುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ಗುಂಡಿಯೇ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಜಾರಿ ಮುಗಿಯುತ್ತದೆ. ಮೀಂಡ್ ಅಂದರೆ ಎಳೆಯಬೇಕು, ತಡೆಯಬೇಕು, ನಡುವೆ ಕಾಣದ ಸ್ವರ ಮುಟ್ಟಿ ಬರಬೇಕು. ಇದು ಆ ಲೆಕ್ಕದಲ್ಲಿ ಕಳ್ಳ ಮೀಂಡ್. ಸಪಾಟಾಗಿ ಮೆಟ್ಟಿಲಿಳಿದಂತೆ ಕೇಳುವುದಿಲ್ಲ, ಅಷ್ಟು ಸಮಾಧಾನ. ತೋಡಿಯ ಅತಿ ಕೋಮಲ ಗಾಂಧಾರವಂತೂ ಸಪ್ತಕಕ್ಕೆ ಹನ್ನೆರಡೇ ಸ್ವರದ ಯಂತ್ರಕ್ಕೆ ದಕ್ಕುವುದೇ ಇಲ್ಲ. ಆಲ್ಬಮ್ಮಿನ ತೋಡಿ ನನಗೆ ಇವತ್ತಿಗೂ ಒಗ್ಗಿಲ್ಲ. ಕಲಾವತಿ, ಮಾಲಕಂಸ ಮಾತ್ರ ಎಷ್ಟು ಸಲ ಕೇಳಿದರೂ ಸಾಕಾಗುವುದಿಲ್ಲ. ಐದು ಸ್ವರದ ರಾಗಗಳು ಆ ಓಟಕ್ಕೆ ಚೆನ್ನಾಗಿ ಒಗ್ಗುತ್ತವೆ ಅಂತ ನನ್ನ ಲೆಕ್ಕ.

ಇದೇ 303ರ ಗುಂಡಿ ತಿರುವಿ 1987ರಲ್ಲಿ ಶಿಕಾಗೋದ ಫ್ಯೂಚರ್ ಅನ್ನುವ ಗುಂಪು ಆಸಿಡ್ ಹೌಸ್ ಅನ್ನುವ ಸಂಗೀತಕ್ಕೆ ದಾರಿ ಮಾಡಿತು. ಅದಕ್ಕೇ ಈಗ ಕೆಲವರು ‘ಅದನ್ನು ಕಂಡುಹಿಡಿದದ್ದು ನಮ್ಮವರೇ’ ಅಂತ ಎದೆ ತಟ್ಟಿಕೊಳ್ಳುತ್ತಾರೆ. ನನಗೆ ಆ ವಾದ ರುಚಿಸುವುದಿಲ್ಲ. ಎರಡು ಊರಲ್ಲಿ ಒಂದೇ ಸೌಟು ಇದ್ದರೆ ಎರಡೂ ಕಡೆ ಸಾರು ಒಂದೇ ತರ ಸುರಿಯುತ್ತದೆ. ಸಾರು ಬೇರೆಯೇ.

ನಾಲ್ಕು ನಿಮಿಷದ ಭೂಪ ಕೊನೆಗೂ ಆಯಿತು. ಬಸ್ಸು ಶುರುವಾದ ಮೇಲೆ ಧಾರವಾಡಕ್ಕೆ ಹೋಗಿ ಮೇಷ್ಟ್ರಿಗೆ ಕೇಳಿಸಿದೆ. ವಯಸ್ಸು ಎಂಬತ್ತರ ಮೇಲೆ. ಮಲ್ಲಿಕಾರ್ಜುನ ಮನ್ಸೂರರನ್ನು ಎದುರು ಕೂತು ಕೇಳಿದವರು. ಹೆಡ್‌ಫೋನ್ ಒಂದೇ ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ನನಗೆ ಪರೀಕ್ಷೆಗೆ ಕೂತಂತೆ.

"ಭೂಪ ಐತಿ," ಅಂದರು. "ದೇಶಕಾರ ಆಗಿಲ್ಲ. ಗಾಂಧಾರ ಬಿಟ್ಟಿಲ್ಲ ನೀ."

ನನಗೆ ಅದೇ ದೊಡ್ಡ ಸರ್ಟಿಫಿಕೇಟು. ಸ್ವರಗಳು ಎರಡು ರಾಗಕ್ಕೂ ಅವೇ. ಧೈವತ ಹಿಡಿದು ನಿಂತರೆ ದೇಶಕಾರ, ಗಾಂಧಾರ ಹಿಡಿದರೆ ಭೂಪ.

"ಆದ್ರ ಇದಕ್ಕ ಇಷ್ಟ್ಯಾಕ ಅವಸರಪಾ? ಯಾರರ ಬೆನ್ನ ಹತ್ಯಾರೇನು?"

"ಡಿಸ್ಕೋರೀ ಸರ್, ಹಂಗ ಓಡಬೇಕು."

"ಓಡ್ಲಿ ಬಿಡು. ಚಹಾ ಕುಡಿ."

ಆಮೇಲೆ ಸಿಂಗ್ ಅವರ ಭೈರವಿ ಹಚ್ಚಿದೆ. ಮೇಷ್ಟ್ರು ಪೂರ್ತಿ ಕೇಳಿ, "ಇಂವಗ ಕೈ ಐತಿ ನೋಡು," ಅಂದರು. ಬೇರೇನೂ ಅನ್ನಲಿಲ್ಲ. ಭೈರವಿ ಮುಗಿಯಿತಲ್ಲ ಅಂತ ನಾನೂ ಚಪ್ಪಲಿ ಹುಡುಕಿ ಹೊರಟೆ.

ಪ್ರೋಗ್ರಾಂ ಮತ್ತೆ ಶುರುವಾದ ವರ್ಷದ ಗಣಪತಿ ಹಬ್ಬ. ಸಂಜೆ ಐದಕ್ಕೆ ಸೌಂಡ್ ಚೆಕ್. ಹುಡುಗರು ಕುರ್ಚಿ ಹಾಕುತ್ತಿದ್ದರು. ಮೈಕಿಗೆ ‘ಹಲೋ, ಚೆಕ್ ಚೆಕ್’ ಅನ್ನುವ ಬದಲು ನನ್ನ ಭೂಪ ಬಿಟ್ಟೆ. ಪೆಂಡಾಲಿನ ದೊಡ್ಡ ಸ್ಪೀಕರಿನಲ್ಲಿ ಆ ಬಾಸ್ ನೆಲದಿಂದ ಮೇಲೆ ಬಂತು. ಕುರ್ಚಿ ಹುಡುಗನೊಬ್ಬ ತಲೆ ಆಡಿಸುತ್ತ ಕುರ್ಚಿ ಬಿಡಿಸುತ್ತಿದ್ದ. ಕಮಿಟಿಯ ಹಿರಿಯರೊಬ್ಬರು ಸ್ಟೇಜಿನ ಹತ್ತಿರ ಬಂದರು.

"ಯಾವ ಪಿಕ್ಚರ್‌ದರೀ ಇದು?"

"ಪಿಕ್ಚರ್‌ದಲ್ಲರೀ ಕಾಕಾ, ಭೂಪ."

"ಯಾರಂವ ಭೂಪ?"