ಕಾಂಡ್ಲಾ (ಮ್ಯಾಂಗ್ರೋವ್) ಕೆಸರಿನ ಬ್ಯಾಕ್ಟೀರಿಯಾ ಸೆಲೆನಿಯಂ ಬದಲಿಸುವುದನ್ನು ಕಣ್ಣಾರೆ ನೋಡುವುದು ಹೇಗೆ?

ಬೂತಾಯಿ, ಬಂಗುಡೆ ಮೀನು ತಿನ್ನುವ ನಮ್ಮ ಹೊಟ್ಟೆಗೆ ಸೆಲೆನಿಯಂ ಎಂಬ ಮೂಲವಸ್ತು ಹೊಸದಲ್ಲ. ದೇಹಕ್ಕೆ ಅದು ಚೂರೇ ಚೂರು ಬೇಕು, ಜಾಸ್ತಿಯಾದರೆ ವಿಷ. 1983ರಲ್ಲಿ ಕ್ಯಾಲಿಫೋರ್ನಿಯಾದ ಕೆಸ್ಟರ್‌ಸನ್ ಜಲಾಶಯದಲ್ಲಿ ಹಕ್ಕಿಮರಿಗಳು ಅಂಗ ಊನವಾಗಿ ಹುಟ್ಟಿದ್ದು ಹೊಲಗಳಿಂದ ಬಸಿದು ಬಂದ ಸೆಲೆನಿಯಂನಿಂದಲೇ.

ನೀರಲ್ಲಿ ಕರಗುವ ಸೆಲೆನೇಟ್, ಸೆಲೆನೈಟ್ ರೂಪಗಳು ಸುಲಭವಾಗಿ ಜೀವಿಗಳ ಒಳಗೆ ಸೇರುತ್ತವೆ. ಆಮ್ಲಜನಕ ಇಲ್ಲದ ಕಡೆ ಕೆಲವು ಬ್ಯಾಕ್ಟೀರಿಯಾ ಸೆಲೆನೇಟ್ ಬಳಸಿಯೇ ಉಸಿರಾಡುತ್ತವೆ. ಇನ್ನು ಕೆಲವು ಸೆಲೆನೈಟ್‌ಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಕರಗದ ಕೆಂಪು ಸೆಲೆನಿಯಂ ಕಣವಾಗಿಸುತ್ತವೆ. ಈ ಕೆಂಪನ್ನು ಕಾಲೇಜು ಲ್ಯಾಬಿನಲ್ಲಿ ನೋಡಬಹುದು. ಸೋಡಿಯಂ ಸೆಲೆನೈಟ್ ವಿಷ, ಹಾಗಾಗಿ ಮನೆಯಲ್ಲಿ ಬೇಡವೇ ಬೇಡ. ಗ್ಲೌಸ್ ಹಾಕಿ, ಉಪನ್ಯಾಸಕರು ಜೊತೆಗಿರಲಿ.

ಇಳಿತದ ಹೊತ್ತಿಗೆ ಉಡುಪಿಯ ಸ್ವರ್ಣಾ ನದಿಯ ಅಳಿವೆ ಕಡೆ ಕಾಂಡ್ಲಾ ಬುಡದ ಕೆಸರು ತನ್ನಿ. 1 ಗ್ರಾಂ ಕೆಸರನ್ನು 9 ಮಿ.ಲೀ. ಶುದ್ಧ ನೀರಿನಲ್ಲಿ ಕಲಕಿ.

ಮೂರು ಫ್ಲಾಸ್ಕ್‌ಗಳಲ್ಲಿ ತಲಾ 100 ಮಿ.ಲೀ. ನ್ಯೂಟ್ರಿಯೆಂಟ್ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರಾವಣ) ತುಂಬಿ, ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಿಂದ ಸೂಕ್ಷ್ಮಜೀವಿ ಕೊಲ್ಲುವ ಯಂತ್ರ) 121 ಡಿಗ್ರಿಗೆ 15 ನಿಮಿಷ ಇಡಿ. ಪೂರ್ತಿ ತಣಿದ ಮೇಲೆಯೇ ಸೆಲೆನೈಟ್ ಹಾಕಬೇಕು. ಸಕ್ಕರೆ ಅಂಶವಿರುವ ದ್ರಾವಣದ ಜೊತೆ ಬಿಸಿ ಮಾಡಿದರೆ, ಬ್ಯಾಕ್ಟೀರಿಯಾ ಇಲ್ಲದೆಯೂ ಕೆಂಪಾಗಬಹುದು! 100 ಮಿ.ಲೀ. ನೀರಿಗೆ 1.73 ಗ್ರಾಂ ಸೋಡಿಯಂ ಸೆಲೆನೈಟ್ ಕರಗಿಸಿ, 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಪ್ರತಿ ಫ್ಲಾಸ್ಕ್‌ಗೆ 1 ಮಿ.ಲೀ. ಹಾಕಿ.

ಈಗ ಮುಖ್ಯ ಕೆಲಸ. ಮೊದಲ ಫ್ಲಾಸ್ಕ್‌ಗೆ 1 ಮಿ.ಲೀ. ಕೆಸರು ನೀರು. ಎರಡನೆಯದಕ್ಕೆ ಅಷ್ಟೇ ಕೆಸರು ನೀರು, ಆದರೆ ಆಟೋಕ್ಲೇವ್ ಮಾಡಿ ಕೊಂದದ್ದು. ಮಣ್ಣಿನ ಬೀಜಕಣಗಳು ಗಟ್ಟಿಮುಟ್ಟು, ಅದಕ್ಕೆ ಇದನ್ನು ಎರಡು ಸಲ ಕಾಯಿಸಿ. ಮೂರನೆಯದಕ್ಕೆ ಕೆಸರೇ ಬೇಡ. ಇಷ್ಟು ತಲೆನೋವು ಯಾಕೆ ಅಂದರೆ, ಕಪ್ಪು ಕೆಸರಿನ ಸಲ್ಫೈಡ್ ಕೂಡ ಸೆಲೆನೈಟ್ ಅನ್ನು ಕೆಂಪಾಗಿಸಬಲ್ಲದು. ಸತ್ತ ಕೆಸರಿನ ಫ್ಲಾಸ್ಕ್ ಇಲ್ಲದಿದ್ದರೆ, ಇದು ಬ್ಯಾಕ್ಟೀರಿಯಾದ ಕೆಲಸವೇ ಅಂತ ಹೇಳುವುದು ಹೇಗೆ ಅಲ್ವಾ?

30 ಡಿಗ್ರಿಯಲ್ಲಿ ಇಡಿ. ಕೆಲವು ದಿನಗಳಲ್ಲಿ ಮೊದಲನೆಯದು ಕಿತ್ತಳೆ, ಆಮೇಲೆ ಇಟ್ಟಿಗೆ ಕೆಂಪಾಗಬೇಕು. ಎರಡನೆಯದೂ ಅಷ್ಟೇ ಕೆಂಪಾದರೆ ಇನ್ನೂ ತೆಳು ಕೆಸರು ನೀರಿನಿಂದ ಮತ್ತೆ ಮಾಡಿ. ಬೆಳ್ಳುಳ್ಳಿ ತರಹದ ವಾಸನೆ ಬಂದರೆ ಮೂಸಬೇಡಿ: ಕೆಲವು ಬ್ಯಾಕ್ಟೀರಿಯಾ ಸೆಲೆನಿಯಂ ಅನ್ನು ಡೈಮಿಥೈಲ್ ಸೆಲೆನೈಡ್ ಎಂಬ ಅನಿಲವಾಗಿಸುತ್ತವೆ.

ಕೆಂಪಾಯಿತೆಂದು ವಿಷ ಮಾಯವಾಗಲಿಲ್ಲ. ಗಾಳಿ, ಬೇರೆ ಜೀವಿಗಳ ನಡುವೆ ಆ ಕಣ ನಿಧಾನವಾಗಿ ಮತ್ತೆ ಕರಗುವ ರೂಪಕ್ಕೆ ತಿರುಗಬಹುದು. ಹಾಗಾಗಿ ಎಲ್ಲವನ್ನೂ ಮುಚ್ಚಳವಿರುವ ಬಾಟಲಿಗೆ ಸುರಿದು, ‘ಸೆಲೆನಿಯಂ ತ್ಯಾಜ್ಯ’ ಎಂದು ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಿ. ಸಿಂಕಿಗೆ ಒಂದು ಹನಿಯೂ ಹೋಗಬಾರದು.